ಕಪಾತು

ಗಂಜಿಗೆ ಎರಡು ಸಲ ಉಪ್ಪು ಹಾಕಿದೆ.
ಕತ್ತರಿ ಬಾಗಿಲ ಹಿಂದೆಯೇ ಬಿಟ್ಟು ತೋಟಕ್ಕೆ ಹೋಗಿ
ಬರಿಗೈಯಲ್ಲಿ ಗಿಡದ ಮುಂದೆ ನಿಂತೆ.
ರೈಟರ್ ನಕ್ಕ: "ಏಳು ತಿಂಗಳಿಗೇ ತಲೆ ಹೋಯಿತಾ, ಚೋಮಿ?"

ಹೋಯಿತೇನೋ, ನಾನೂ ಅಂದುಕೊಂಡೆ.

ಬುಧವಾರ ನೆಲ್ಯಹುದಿಕೇರಿಯಿಂದ ಆಶಾ ರುಖಿಯಾ ಬಂದಳು.
ತಾಯಿ ಕಾರ್ಡಿನಲ್ಲಿ ತೂಕ ಬರೆಯುತ್ತಲೇ ಹೇಳಿದಳು:
"ಹುಚ್ಚಲ್ಲ ಮಾರಾಯ್ತಿ. ಬಸುರಿಯ ಮಿದುಳು
ತನ್ನನ್ನು ತಾನೇ ಒಂದಿಷ್ಟು ಸವರಿಕೊಳ್ಳುತ್ತದಂತೆ,
ಮಗುವಿಗೆ ಸಜ್ಜಾಗಲು.
ಟ್ರೈನಿಂಗಿನಲ್ಲಿ ಚಿತ್ರ ತೋರಿಸಿದರು."

ಓ, ಕಪಾತು, ಅಂದೆ.
ಅವಳು ಪೆನ್ನು ನಿಲ್ಲಿಸಿ ನನ್ನ ನೋಡಿದಳು.

ಹದಿನಾಲ್ಕು ವರ್ಷ ಮಾಡಿದ ಕೆಲಸ.
ರೊಬಸ್ಟಾಕ್ಕೆ ಕತ್ತರಿ ಇಡುವ ಮೊದಲು
ಗಿಡ ನೋಡುವುದಲ್ಲ, ತಲೆಯೆತ್ತಿ ಮೇಲೆ ನೋಡುವುದು,
ಸಿಲ್ವರ್ ಮರದ ಸಂದಿಯಿಂದ ಬಿಸಿಲು ಎಲ್ಲಿ ಬೀಳುತ್ತದೆ ಅಂತ.
ಯಾವ ರೆಂಬೆ ಉಳಿಯಬೇಕು, ಯಾವುದು ಹೋಗಬೇಕು
ಅಂತ ಸುತ್ತಲಿನ ಜಾಗ ಹೇಳುತ್ತದೆ.

ಹಾಗಾದರೆ ನನ್ನ ತಲೆಯೊಳಗಿನ ಕತ್ತರಿ
ಯಾವ ಬಿಸಿಲು ನೋಡುತ್ತಿದೆ?

ಸಂಜೆ ಆರಕ್ಕೆ ರೈಟರನ ಫೋನು ಕೂಗುತ್ತದೆ:
ಮರಿ ಸೇರಿ ಹನ್ನೊಂದು, ಕೆರೆಯ ಬದಿ, ಹೊರಗೆ ಬರಬೇಡಿ.
ಆಮೇಲೆ ಗರ್ನಾಲು.
ಆಮೇಲೆ ಇನ್ನೊಂದು ಗರ್ನಾಲಿಗೆ ಕಾಯುವ ಹೊತ್ತು,
ಅದು ಗರ್ನಾಲಿಗಿಂತ ದೊಡ್ಡದು.
ಹೊಟ್ಟೆಯೊಳಗೆ ಅದೂ ಬೆಚ್ಚುತ್ತದೆ, ನನ್ನಿಂದ ಕಲಿತು.
ಲೈನಿಗೆಲ್ಲ ಒಂದೇ ಕಕ್ಕಸು, ಇಪ್ಪತ್ತೆಂಟು ಹೆಜ್ಜೆ ಕತ್ತಲೆ.
ನೀರು ಕುಡಿಯದೆ ಮಲಗುತ್ತೇನೆ.

ಹೀಗೇ ಆಗಿ, ಅವ್ವನ ಹಾಡಿಯ ದಾರಿ,
ಜೇನು ಕಟ್ಟುವ ಮರಗಳ ಹೆಸರು, ಎಲ್ಲ ಕಡಿದು ಬಿದ್ದು
ಭಯದ್ದೊಂದೇ ಚಿಗುರು ನೆಟ್ಟಗೆ ಮೇಲೆದ್ದರೆ?

ಕೇಳಿದೆ.
ಕಾರ್ಡಿನಲ್ಲಿ ಅದಕ್ಕೆ ಜಾಗ ಇರಲಿಲ್ಲ.
ರುಖಿಯಾ ತುಂಬಾ ಹೊತ್ತು ಕೂತಳು. ಬಸ್ಸು ತಪ್ಪಿತು ಅವಳಿಗೆ.

ಯಾರಿಗೆ ಏನು ಹೇಳಿ ಹೋದಳೋ. ಆ ರಾತ್ರಿಯಿಂದ
ಕೊನೆಮನೆಯ ಮುದುಕಿ ಬೊಳ್ಚಿ
ನನ್ನ ಬಾಗಿಲಿಗೆ ಅಡ್ಡ ಚಾಪೆ ಹಾಸುತ್ತಾಳೆ.
ಕೆಮ್ಮುತ್ತಾಳೆ, ಎಲೆಯಡಿಕೆ ಕುಟ್ಟುತ್ತಾಳೆ,
ನಡುರಾತ್ರಿ ಬಕೆಟ್ಟು ತಳ್ಳಿ "ಇಲ್ಲೇ ಕೂರು" ಅನ್ನುತ್ತಾಳೆ.
ಆನೆಗೆ ಬೈಯುತ್ತಾಳೆ, ನಾದಿನಿಗೆ ಬೈದ ಹಾಗೆ:
"ನಿನಗೂ ಮರಿ ಉಂಟು, ಇವಳಿಗೂ ಉಂಟು,
ಸ್ವಲ್ಪ ಅತ್ತ ಹೋಗೇ."

ಗರ್ನಾಲು ಈಗಲೂ ಸಿಡಿಯುತ್ತದೆ.
ಒಂದಕ್ಕೂ ಇನ್ನೊಂದಕ್ಕೂ ನಡುವೆ ಈಗ ಒಂದು ಕೆಮ್ಮು ಉಂಟು.
ನಾನು ಅದಕ್ಕೆ ಕಾಯುತ್ತೇನೆ.
ಕಾಯುತ್ತ ಎಲ್ಲೋ ನಿದ್ದೆ ಹತ್ತುತ್ತದೆ.

ನಿನ್ನೆ ಹೂಮಳೆ ಬಿತ್ತು. ತೋಟ ಬೆಳ್ಳಗಾಗಲು ಇನ್ನೊಂದು ವಾರ.
ಇವತ್ತೂ ಕತ್ತರಿ ಮರೆತು ಅರ್ಧ ದಾರಿಯಿಂದ ತಿರುಗಿ ಬಂದೆ.
ಬೊಳ್ಚಿ ಅದರಲ್ಲಿ ಅಡಿಕೆ ಹೋಳು ಮಾಡುತ್ತಿದ್ದಳು.
"ಎರಡುಂಟು ಇನ್ನೂ," ಅಂದಳು, "ಕೂತುಕೋ."