ಎಡಗಿವಿಯ ಬಾನುಲಿ

ಇದು ಹಾಕಿಯಲ್ಲ. ಹಾಕಿಗೆ ದೊಡ್ಡಮ್ಮನ ಮಗಳಾಗಬೇಕು.
ಫುಟ್‌ಬಾಲ್ ಮೈದಾನದಷ್ಟು ಮಂಜುಗಡ್ಡೆ,
ಕಡೆಗೆ ಹನ್ನೊಂದು ಜನ, ಬಾಗಿದ ಕೋಲು,
ನಿಂಬೆಗಿಂತ ತುಸು ದಪ್ಪ, ಕಿತ್ತಳೆ ಬಣ್ಣದ ಚೆಂಡು.
ಬ್ಯಾಂಡಿ ಅಂತಾರೆ. ಸ್ಟಾಕ್‌ಹೋಮಿನ ನನ್ನ ಸೊಸೆ
‘ಅದನ್ನಿನ್ನೂ ಆಡ್ತಾರಾ’ ಅಂತಾಳೆ.

ಯೆರ್ನ್‌ಫೋರ್ಸಿನ ಉತ್ತರದ ಗೇಟಿನಲ್ಲಿ
ಹತ್ತೊಂಬತ್ತು ಚಳಿಗಾಲ ಕಾಫಿ ಮಾರಿದವಳು ನಾನು.
ಬೆನ್ನು ಆಟಕ್ಕೆ, ಕೈ ಚಿಲ್ಲರೆಗೆ,
ಕಿವಿ ಮಾತ್ರ ಸಿಕ್ಸ್ಟೆನ್ನನ ರೇಡಿಯೋಗೆ.
ಮೂವತ್ತೊಂದು ವರ್ಷ ಅವನ ದನಿಯಲ್ಲೇ
ಈ ಊರು ಗೆದ್ದಿದೆ. ಹೆಚ್ಚಾಗಿ ಸೋತಿದೆ.

ಹೋದ ಅಕ್ಟೋಬರಿನಲ್ಲಿ ಲೀಗು ಮಾರಾಟವಾಯಿತು.
ಚಿತ್ರ, ದನಿ, ತುಣುಕು,
ಇನ್ನೂ ಹುಟ್ಟದ ಯಂತ್ರಗಳಲ್ಲಿ ತೋರಿಸುವ ಹಕ್ಕೂ ಸೇರಿ
ಎಲ್ಲ ಒಂದೇ ಕಂಪನಿಗೆ, ಏಳು ವರ್ಷಕ್ಕೆ.
ತಿಂಗಳಿಗೆ ಮುನ್ನೂರ ನಲವತ್ತೊಂಬತ್ತು ಕ್ರೋನ;
ಬೇಡವೆಂದರೂ ಜೊತೆಗೆ ಗಾಲ್ಫು, ಮರುಭೂಮಿಯ ಕಾರು ರೇಸು.
ಉಕ್ಕಿನ ಕಾರ್ಖಾನೆಯ ನಿವೃತ್ತರು ಲೆಕ್ಕ ಹಾಕಿದರು,
ಗೋಲಿಗೆ ಎಷ್ಟು ಬಿತ್ತು ಅಂತ.
ಭಾಗಾಕಾರಕ್ಕೆ ನಮ್ಮ ಗೋಲುಗಳೇ ಸಾಲಲಿಲ್ಲ.

ರೇಡಿಯೋಗೆ ಎರಡು ಸಾಲಿನ ಪತ್ರ ಬಂತು.
ಸಿಕ್ಸ್ಟೆನ್ ಮೈಕು ಒಪ್ಪಿಸಿ ರಸೀದಿ ಪಡೆದ.

ಮೊದಲ ಪಂದ್ಯ. ಸೊನ್ನೆಯ ಕೆಳಗೆ ಹದಿನಾಲ್ಕು.
ಟಿಕೆಟ್ಟು ಕೊಂಡು ಬಂದ,
ತನ್ನದೇ ಮನೆಯಲ್ಲಿ ಚಪ್ಪಲಿ ಎಲ್ಲಿ ಬಿಡಬೇಕೆಂದು ತಿಳಿಯದವನ ಹಾಗೆ.
ಕಂಬದ ಪಕ್ಕ ವೆಂಡೆಲಾ ನಿಂತಿದ್ದಳು.
ಚರ್ಚಿನ ಆರ್ಗನ್ನುಗಳಿಗೆ ಶ್ರುತಿ ಕೂಡಿಸುವವಳು,
ಹುಟ್ಟಿನಿಂದ ಕಣ್ಣಿಲ್ಲ.
ಬಲಗಿವಿಗೆ ಮೈದಾನ, ಎಡಗಿವಿಗೆ ಇವನು,
ಹಾಗೆ ಆಟ ನೋಡಿ ಬೆಳೆದವಳು.
ಇವತ್ತು ಎಡಗಿವಿ ಖಾಲಿ.
ಮೂಲೆ ಹೊಡೆತಕ್ಕೆ ಎಲ್ಲರೂ ಉಸಿರು ಹಿಡಿದಾಗ
“ಯಾರು? ಯಾರು ಹೊಡೀತಾರೆ?” ಅಂದಳು, ಗಾಳಿಗೆ.

ಸಿಕ್ಸ್ಟೆನ್ ಅತ್ತಿತ್ತ ನೋಡಿದ, ಸೇಬು ಕದಿಯುವ ಹುಡುಗನಂತೆ.
ಬಗ್ಗಿದ.
“ಹಿಯಾಲ್ಮರ್. ಬಲಗಾಲು ಹಿಂದಿಟ್ಟಿದ್ದಾನೆ,
ಅವರಪ್ಪನೂ ಹೀಗೇ ನಿಲ್ಲುತ್ತಿದ್ದ.
ಚೆಂಡು ಹೊರಟಿತು, ತಡೆದರು, ಹೊಡೆದ—”
ಠಣ್.
ಗೋಲುಕಂಬ.
“ಒಂದೆಳೆ ಶ್ರುತಿ ಇಳಿದಿದೆ, ಚಳಿಗೆ,” ಅಂದಳು ಅವಳು.

ಹಿಂದಿನ ಸಾಲು ಮುಂದೆ ಬಾಗಿತು.
ಥರ್ಮಾಸಿನ ಮುಚ್ಚಳಗಳು ಸುಮ್ಮನಾದವು.
ಕತ್ತಿಗೆ ಕಾರ್ಡು ತೂಗುಹಾಕಿದ ಕಂಪನಿಯ ಹುಡುಗ ಬಂದ,
ತುಟಿ ತೆರೆದ, ಮತ್ತೆ ಮುಚ್ಚಿದ.
ಒಂದು ಕಿವಿಗೆ ಹೇಳಿದರೆ ಅದು ಮಾತು.
ಎಷ್ಟನೆಯ ಕಿವಿಯಿಂದ ಪ್ರಸಾರ ಶುರುವೆಂದು
ಪಾಪ, ಅವನ ಕರಾರಿನಲ್ಲಿ ಬರೆದಿರಲಿಲ್ಲ.
ಕಾಫಿ ಕೇಳಿದ. ಕೊಟ್ಟೆ.
ಲೋಟ ಹಿಡಿದು ಅಲ್ಲೇ ನಿಂತ, ಮೂರನೆಯ ಸಾಲಿನಲ್ಲಿ.

ಆಮೇಲೆ ತಿಳಿಯಿತು:
ದೀಪದ ಕಂಬದ ಮೇಲಿನ, ಮನುಷ್ಯನಿಲ್ಲದ ಕ್ಯಾಮೆರಾ
ನನ್ನ ಕಿತ್ತಳೆ ಟೋಪಿಯನ್ನೇ ಚೆಂಡೆಂದುಕೊಂಡು
ಹತ್ತು ನಿಮಿಷ, ದುಡ್ಡು ಕೊಟ್ಟವರಿಗೆಲ್ಲ,
ನಾನು ಸಕ್ಕರೆ ಕಲಕುವುದನ್ನು ತೋರಿಸಿತಂತೆ.
ಅದರ ಹಕ್ಕೂ ಏಳು ವರ್ಷ ಅವರದೇ.

ಎರಡು–ಆರು ಸೋತೆವು.
ಆ ಎರಡನ್ನೂ ನಾನು ಕೇಳಿದೆ.