ಬೂದಿ ಪಾಳಿ

ಅಪ್ಪ ಶಕ್ತಿನಗರದ ಬೂದಿ ವಿಭಾಗ.
ಕಲ್ಲಿದ್ದಲು ಉರಿಸುವವರಿಗೆ ಹೆಸರಿತ್ತು,
ಕರೆಂಟು ಅಳೆಯುವವರಿಗೆ ಕುರ್ಚಿಯಿತ್ತು,
ಅಪ್ಪನಿಗೆ ರೆಪ್ಪೆಯ ಮೇಲಷ್ಟು ಬೂದಿ.
"ಒಂದು ಪಾಳಿ ನಾವು ಎತ್ತದಿದ್ರ
ನಾಳಿಗಿ ಬಾಯ್ಲರ್ ಉಸಿರು ಕಟ್ಟತೈತಿ ನೋಡು"
ಅನ್ನುತ್ತಿದ್ದ ರೊಟ್ಟಿ ಮುರಿಯುತ್ತ.
ನನಗಾಗ ಎಂಟನೇ ಕ್ಲಾಸು. ಕೇಳಿಸಿಕೊಳ್ಳಲಿಲ್ಲ.

ಹೈದರಾಬಾದಿನಲ್ಲಿ ಪಿಎಚ್‌ಡಿ ಮುಗಿಸಿ
ರಾಯಚೂರಿಗೇ ಮರಳಿದೆನೆಂದು ನಕ್ಕರು.
ಕಾಲೇಜಿನ ಹಿಂದೆ ಹಳೆಯ ಸೈಕಲ್ ಸ್ಟ್ಯಾಂಡು;
ಗೋಡೆ ಎಬ್ಬಿಸಿ ಬೋರ್ಡು ಬರೆಸಿದೆ.
ಮೊದಲ ವರ್ಷ ನನ್ನ ವಿಜ್ಞಾನ ಇಷ್ಟೇ:
ಹೀರುಕಾಗದ, ಒಂದು ಹನಿ ಮೂತ್ರ, ನೀಲಿ ಬಣ್ಣ.
ನೀಲಿ ನೀಲಿಯಾಗಿಯೇ ಉಳಿದರೆ ಮಗು ಮನೆಗೆ.
ನೇರಳೆಗೆ ತಿರುಗಿದರೆ
ಸ್ವಲ್ಪ ಹೊತ್ತು ನಾನು ಕುರ್ಚಿಯಿಂದ ಏಳುತ್ತಿರಲಿಲ್ಲ.

ಮೌನೇಶ ಬಂದಾಗ ನಾಲ್ಕು ವರ್ಷ.
ದಪ್ಪ ಹುಬ್ಬು, ನಾರಿನಂಥ ಕೂದಲು,
ಮೇಜಿನ ಮೇಲಿದ್ದದ್ದೆಲ್ಲ ನೆಲಕ್ಕೆ.
ತಾಯಿ ಬಸಲಿಂಗಮ್ಮ ಅವನ ಮಾತುಗಳನ್ನು ಎಣಿಸಿಟ್ಟಿದ್ದಳು:
ಉಗಾದಿಗೆ ಮೂವತ್ತೆರಡು,
ಮೊಹರಮ್ಮಿನ ಹೊತ್ತಿಗೆ ಹತ್ತೊಂಬತ್ತು,
ಈಗ 'ಅವ್ವ', 'ನೀರು', 'ಬ್ಯಾಡ'.
"ಮಲಗಂಗಿಲ್ರಿ. ರಾತ್ರಿಯೆಲ್ಲ ಹೆಗಲ ಮ್ಯಾಲ ಹೊತ್ತು
ಗಂಜ್ ರಸ್ತೆ ಉದ್ದಕ ಅಡ್ಡಾಡತೀನಿ.
ಹತ್ತಿ ಲಾರಿ ಡ್ರೈವರಗೋಳು ಗುರ್ತ ಹಿಡದಾರ."
ಗಂಡ ಸ್ವಂತ ಸೋದರಮಾವ.
ಕೇಳಿದ್ದು ನಾನು; ತಲೆ ತಗ್ಗಿಸಿದ್ದೂ ನಾನೇ.

"ಮೈಯೊಳಗ ಬೂದಿ ಎತ್ತವರು ಇರತಾರವ್ವ.
ಇವನ ಪಾಲಿಗಿ ಒಬ್ಬಾತ ಪಾಳಿಗೇ ಬಂದಿಲ್ಲ."
ಹೇಳಿದ ಮೇಲೆ ಗೊತ್ತಾಯಿತು, ಅದು ಅಪ್ಪನ ದನಿ.

ಆ ಒಬ್ಬಾತನ ಹಿಂದೆ ಇಪ್ಪತ್ತೆಂಟು ವರ್ಷ.
ಮಾಳಿಗೆ ಹತ್ತಿದರೆ ಕಾಣುವ ಚಿಮಣಿ
ಹೊಗೆಯುಗುಳುವಾಗಲೇ ನಮಗೆ ಕರೆಂಟು ಹೋಗುತ್ತಿತ್ತು.
ಮೀನು ಮಾರುವವರ ಮಂಜುಗಡ್ಡೆಯಲ್ಲಿ
ಕಿಣ್ವಗಳನ್ನು ಹೂತು ಬೆಳಗು ಕಾದಿದ್ದೇನೆ.
ದ್ರವ ನೈಟ್ರೋಜನ್ ಪಶು ಆಸ್ಪತ್ರೆಯ ಸಾಲ:
ಕಿಲಾರಿ ಹೋರಿಗಳ ಬೀಜದ ಕಡ್ಡಿಗಳ ಪಕ್ಕ
ಮೌನೇಶನ ತೋಳಿನ ಚರ್ಮದಿಂದ ಬೆಳೆಸಿದ ಕೋಶ.
ಕಂಪೌಂಡರ್ ಖಾಜಾಸಾಬ ರಿಜಿಸ್ಟರಿನಲ್ಲಿ ಬರೆದಿದ್ದ:
'ಹೋರಿ ೪೧, ಹುಡುಗ ೧.'

ಸಿಕ್ಕದ್ದು ಒಂದು ಅಕ್ಷರ.
ವಂಶದ ಬರಹದಲ್ಲೊಂದು ಕಾಗುಣಿತ ತಪ್ಪು,
ಹೊಳೆಯ ಆಚೀಚೆ ಏಳು ಮನೆಗಳಲ್ಲಿ ಅದೇ ತಪ್ಪು.
ನಾಲ್ಕು ಪುಟದ ಪ್ರಬಂಧ, ನನ್ನ ಹೆಸರು ಮೂರನೆಯದು.
ಹೊರದೇಶದ ಔಷಧ ಪರೀಕ್ಷೆಗೆ ಅರ್ಜಿ ಬರೆದೆ.
ಆರು ವರ್ಷದೊಳಗಿನವರಿಗೆ ಮಾತ್ರ ಎಂದರು.
ಅವನಿಗೆ ಹದಿನಾರು, ನಳಿಕೆಯಲ್ಲಿ ಗಂಜಿ.
ಆ ಶ್ರಾವಣ ಅವನು ದಾಟಲಿಲ್ಲ.
ನನ್ನ ವರದಿಯಿಂದ ಒಂದು ಮದುವೆ ಮುರಿಯಿತು.
ಆ ಹುಡುಗಿ ಬಾಗಿಲಲ್ಲಿ ನಿಂತು ನೋಡಿದ್ದು
ಯಾವ ಪ್ರಬಂಧದಲ್ಲೂ ಇಲ್ಲ.

ಹೋದ ಮಂಗಳವಾರ ಬಸಲಿಂಗಮ್ಮ ಬಂದಳು,
ನನ್ನ ನಿವೃತ್ತಿಯ ಸುದ್ದಿ ಯಾರು ಹೇಳಿದರೋ.
"ಅವಂದು ಏನೋ ಐತಂತಲ್ರಿ ನಿಮ್ಮತ್ರ?"

ಇತ್ತು, ಬಾಟಲಿಯಲ್ಲಿ, ಮೂವತ್ತೇಳು ಡಿಗ್ರಿಯಲ್ಲಿ.
ಕೋಶಕ್ಕೂ ಲೆಕ್ಕವಿದೆ, ಇಷ್ಟೇ ಸಲ ಒಡೆದು ಎರಡಾಗಬಲ್ಲದು;
ಬಹುಪಾಲು ನಾನೇ ಖರ್ಚು ಮಾಡಿದ್ದೇನೆ.
ಸೂಕ್ಷ್ಮದರ್ಶಕಕ್ಕೆ ಕನ್ನಡಕ ತಾಗಿಸಿ ಬಗ್ಗಿದಳು:
ಉದ್ದುದ್ದ ಕೋಶಗಳು,
ಒಳಗೆಲ್ಲ ಬೂದು ಗುಳ್ಳೆ, ಎತ್ತುವವರಿಲ್ಲದ್ದು.
ಎಷ್ಟು ಹೊತ್ತು ನೋಡಿದಳೋ.
ಹೊರಗೆ ಯಾವುದೋ ಲಾರಿ ಹಾರ್ನು ಹಾಕಿ ಹೋಯಿತು.
"ಜೀವ ಐತೇನ್ರಿ ಇವಕ್ಕ?"
ಐತವ್ವ.
"ರಾತ್ರಿ ಮಲಗತಾವೇನ್ರಿ?"

ಎಷ್ಟು ಸಮ್ಮೇಳನ, ಎಷ್ಟು ಪರೀಕ್ಷಕರು,
ಇದನ್ನು ಯಾರೂ ಕೇಳಿರಲಿಲ್ಲ.
ಬೆಚ್ಚಗಿಟ್ಟಷ್ಟು ದಿನ ಇಲ್ಲ, ಎನ್ನಬೇಕಿತ್ತು.
ಕ್ಯಾನಿನ ಮುಚ್ಚಳ ತೆಗೆದು ತೋರಿಸಿದೆ;
ಬಿಳಿ ಹೊಗೆ ತಣ್ಣಗೆ ಇಳಿದು
ಅವಳ ಬಳೆಗಳನ್ನು ಮುಟ್ಟಿತು.
"ಇದರಾಗ ಇಟ್ರ ಮಲಗತಾವವ್ವ."

"ಹಂಗಾರ ಇವತ್ತು ಮಲಗಸ್ರಿ" ಅಂದಳು,
ಸೆರಗು ಹೊದ್ದು
ಸ್ಟೂಲು ಎಳೆದುಕೊಂಡು ಕೂತಳು.