ಬಳೆಯಡಿಯ ಬಣ್ಣ

ಯಂತ್ರದಲ್ಲಿ ತಿರುಗುತ್ತಿದೆ ಶೇವಂತಿ ತಾಂಡೇಲಳ ರಕ್ತ.
ಕೆಂಪು ತಳಕ್ಕೆ, ಮೇಲೆ ತಿಳಿಹಳದಿ;
ಅದನ್ನೇ ಸೂಜಿಯಲ್ಲಿ ಕೆನ್ನೆಗೆ ಮರಳಿಸುತ್ತಾರೆ ಡಾಕ್ಟರು.

‘ನಂದೇ ನೆತ್ತರಿಗೆ ನಾನೇ ದುಡ್ಡು ಕೊಡ್ಬೇಕಾ?’
ನಕ್ಕಳು. ಕಣ್ಣಂಚಿಂದ ಕಿವಿಯವರೆಗೆ ಬಿರಿದವು
ಬೈತಖೋಲದ ನಲವತ್ತು ಬೇಸಿಗೆ:
ತಾರ್ಲೆ ಹರವಿ, ಕಾಗೆ ಓಡಿಸಿ,
ಮಗುಚಿ, ಮತ್ತೆ ಮಗುಚಿ,
ತನ್ನನ್ನು ಮಾತ್ರ ಮಗುಚದೆ.

ಯಾಕೆ ಬಂದಳೋ ಹೇಳಲಿಲ್ಲ.
ಮನೆಯಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ;
ಸಂಘದ ಚೀಟಿ ಎತ್ತಿದ್ದಾಳೆ, ಅಷ್ಟೆ.

ಮೊಣಕೈಯಲ್ಲಿ ನರ ಸಿಗದೆ
ಮಣಿಕಟ್ಟಿನ ಬಳೆ ಸರಿಸಿದ್ದೆ ನಾನು.
ಅಲ್ಲೊಂದು ಬೆರಳಗಲದ ಪಟ್ಟಿ,
ಬಿಸಿಲೇ ಕಾಣದ್ದು,
ಸುಲಿದ ಹಸಿ ಗೇರುಬೀಜದ ಬಣ್ಣದ್ದು.
ಅವಳೂ ನೋಡಿದಳು. ಹೆಬ್ಬೆರಳಲ್ಲಿ ಒಮ್ಮೆ ಸವರಿ,
ಯಾರೋ ಬಂದರೆಂದು ಸೆರಗೆಳೆದುಕೊಂಡ ಹಾಗೆ
ಬಳೆ ಇಳಿಸಿಕೊಂಡಳು.